ಹನ್ನೊಂದು ಮಂದಿಯಲ್ಲಿ ನಮ್ಮವರು ಯಾರು?

ಮಳೆ ನಿಂತು ತೊಗರಿ ಹೂ ಬಿಡುವ ಹೊತ್ತಿಗೆ ರಣಜಿ ಟ್ರೋಫಿಯ ಸುಗ್ಗಿಯೂ ಹತ್ತಿರವಾಗುತ್ತದೆ. ಆಗ ಚಿಂಚೋಳಿಯ ಪಕ್ಕದ ಚಂದಾಪುರದಲ್ಲಾಗಲಿ, ಸೇಡಂ, ಶಹಾಬಾದಿನಲ್ಲಾಗಲಿ ಕ್ರಿಕೆಟ್ ಪ್ರೇಮಿಗಳ ಪ್ರಶ್ನೆಗಳು ಬೆಂಗಳೂರಿನವರ ಪ್ರಶ್ನೆಗಳೇ. ಇನಿಂಗ್ಸ್ ಆರಂಭಿಸುವವರು ಯಾರು? ವಿಕೆಟ್ ಹಿಂದೆ ನಿಲ್ಲುವವರು ಯಾರು? ಭಾರತ ತಂಡಕ್ಕೆ ಹೋದವರ ಜಾಗ ತುಂಬುವವರು ಯಾರು? ಆದರೆ ಈ ಗಡಿಭಾಗದಲ್ಲಿ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ: ತಂಡದಲ್ಲಿ ನಮ್ಮವರು ಯಾರಿದ್ದಾರೆ?

ಈ ‘ನಮ್ಮ’ ಎಂಬ ಮಾತಿಗೆ ಇಲ್ಲಿ ಒಂದು ಚರಿತ್ರೆಯೇ ಇದೆ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರು ಹಾದು ಹೈದರಾಬಾದಿನತ್ತ ಸಾಗುವ ರೈಲು ಮಾರ್ಗ 1874ರಷ್ಟು ಹಳೆಯದು. ಆಗ ಈ ಸೀಮೆಯೆಲ್ಲ ನಿಜಾಮರ ಆಳ್ವಿಕೆಯಲ್ಲಿತ್ತು, ರಾಜಧಾನಿ ಹೈದರಾಬಾದ್. 1934ರ ನವೆಂಬರ್ 4ರಂದು ಮದರಾಸಿನಲ್ಲಿ ರಣಜಿ ಟೂರ್ನಿಯ ಮೊದಲ ಪಂದ್ಯ ಆಡಿ ಒಂದೇ ದಿನದಲ್ಲಿ ಸೋತ ಮೈಸೂರು ತಂಡ ಗುಲ್ಬರ್ಗದವರ ಪಾಲಿಗೆ ಪರರಾಜ್ಯದ್ದು. 1937-38ರಲ್ಲಿ ನವಾನಗರವನ್ನು ಒಂದೇ ಒಂದು ವಿಕೆಟ್‌ನಿಂದ ಸೋಲಿಸಿ ಟ್ರೋಫಿ ಗೆದ್ದ ಹೈದರಾಬಾದ್ ಅವರ ಸ್ವಂತ ರಾಜ್ಯದ ತಂಡ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಗುಲ್ಬರ್ಗ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಊರು ಇದ್ದಲ್ಲೇ ಇತ್ತು, ತಂಡ ಬದಲಾಯಿತು. ದಕ್ಷಿಣ ವಲಯದಲ್ಲೇ ಇದ್ದ ಮೈಸೂರು ಮತ್ತು ಹೈದರಾಬಾದ್ ಮೇಲಿಂದ ಮೇಲೆ ಎದುರಾಗುತ್ತಿದ್ದುದರಿಂದ ನಿನ್ನೆಯ ‘ನಾವು’ ಇಂದಿನ ‘ಅವರು’ ಆದರು.

ಹೊಸ ನಂಟು ಗಟ್ಟಿಯಾಗಲು ಒಂದು ಗೆಲುವು ಬೇಕಿತ್ತು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದೇ ಋತುವಿನ ಸೆಮಿಫೈನಲ್‌ನಲ್ಲಿ ಸತತ 15 ವರ್ಷ ಚಾಂಪಿಯನ್ ಆಗಿದ್ದ ಮುಂಬಯಿಯನ್ನು ಎರಾಪಳ್ಳಿ ಪ್ರಸನ್ನ ನಾಯಕತ್ವದ ತಂಡ ಬೆಂಗಳೂರಿನಲ್ಲಿ ಹೊರದಬ್ಬಿತು. ಗುಂಡಪ್ಪ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಹೊಡೆದಿದ್ದರು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನೂ ಮಣಿಸಿ ಮೊದಲ ಸಲ ಟ್ರೋಫಿ ಗೆದ್ದಿತು. ಅಂದಿನಿಂದ 2014-15ರವರೆಗೆ ಕರ್ನಾಟಕ ಎಂಟು ಬಾರಿ ರಣಜಿ ಗೆದ್ದಿದೆ.

ಆದರೂ ಹಳೆಯ ನಂಟು ಪೂರ್ತಿ ಕಡಿದುಹೋಗಲಿಲ್ಲ. ಚಂದಾಪುರಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಆಸ್ಪತ್ರೆಗೂ ವ್ಯಾಪಾರಕ್ಕೂ ಅತ್ತ ಹೋಗುವವರು ಬಹಳ. 2000ದ ಏಪ್ರಿಲ್‌ನಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಹೈದರಾಬಾದಿನ ವಿ.ವಿ.ಎಸ್. ಲಕ್ಷ್ಮಣ್ ಕರ್ನಾಟಕದ ವಿರುದ್ಧ 353 ರನ್ ಗಳಿಸಿದಾಗ ಗಡಿಭಾಗದ ಅಭಿಮಾನಿ ಮರುಗಬೇಕೋ, ಮೆಚ್ಚಬೇಕೋ? 2014ರಲ್ಲಿ ಲೆಕ್ಕ ತಿರುವುಮುರುವಾಯಿತು: ವಿನಯ್ ಕುಮಾರ್ ನಾಯಕತ್ವದ ಕರ್ನಾಟಕ ಮಹಾರಾಷ್ಟ್ರವನ್ನು ಸೋಲಿಸಿ ಟ್ರೋಫಿ ಎತ್ತಿದ್ದು ಇದೇ ಹೈದರಾಬಾದಿನ ಅಂಗಳದಲ್ಲಿ.

ಇನ್ನು ತಂಡದ ಪಟ್ಟಿಯ ಮಾತು. ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್, ದ್ರಾವಿಡ್ ಭಾರತ ತಂಡಕ್ಕೆ ಆಡುತ್ತಿದ್ದ ತೊಂಬತ್ತರ ದಶಕದಲ್ಲಿ ಅವರಿಲ್ಲದ ದಿನ ಯಾರು ಎಂಬುದೇ ದೊಡ್ಡ ಚಿಂತೆ. ಆ ಖಾಲಿ ಜಾಗಗಳೇ ಉಳಿದವರಿಗೆ ಬಾಗಿಲು ತೆರೆದವು. ಅಭ್ಯಾಸಕ್ಕೆಂದು ಗದಗಿನಿಂದ ಹುಬ್ಬಳ್ಳಿಗೆ ಓಡಾಡುತ್ತಿದ್ದ ಸುನಿಲ್ ಜೋಶಿ 1995-96ರ ರಣಜಿಯಲ್ಲಿ 500ಕ್ಕೂ ಹೆಚ್ಚು ರನ್, 50ಕ್ಕೂ ಹೆಚ್ಚು ವಿಕೆಟ್ ಗಳಿಸಿ 1996ರಲ್ಲಿ ಟೆಸ್ಟ್ ಆಡಿದರು. ಬೆಂಗಳೂರಿನ ಆಚೆಗೂ ಆಟಗಾರರಿದ್ದಾರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ಕರ್ನಾಟಕಕ್ಕೂ ರೈಲ್ವೇಸ್‌ಗೂ ಆಡಿದರು. ಒಂದು ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ಮತ್ತೊಂದಕ್ಕೆ ಆಡಲು ನಿಯಮದಲ್ಲಿ ಅವಕಾಶವಿದೆ. 2014-15ರ ಫೈನಲ್‌ನಲ್ಲಿ 328 ರನ್ ಹೊಡೆದ ಕರುಣ್ ನಾಯರ್, ಮುಂದೆ ಕರ್ನಾಟಕದಲ್ಲಿ ಜಾಗ ಸಿಗದೆ ವಿದರ್ಭಕ್ಕೆ ಹೋದರು. 2024-25ರಲ್ಲಿ ಆ ತಂಡ ಟ್ರೋಫಿ ಗೆದ್ದ ಮೇಲೆ ತವರಿಗೆ ಮರಳಿದರು. ಆಟಗಾರನಿಗೆ ತಂಡ ಬದಲಿಸುವ ದಾರಿಯುಂಟು, ಅಭಿಮಾನಿಗಿಲ್ಲ. ಚಂದಾಪುರದವರ ತಂಡ ಬದಲಾದದ್ದು ಅವರು ಅರ್ಜಿ ಹಾಕಿ ಅಲ್ಲ.

2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯ ಮೊದಲ ವರ್ಷವೇ ಗೆದ್ದದ್ದು ‘ಗುಲ್ಬರ್ಗ ಮಿಸ್ಟಿಕ್ಸ್’. ಜಿಲ್ಲೆಯ ಹೆಸರಿನ ತಂಡ ಗೆದ್ದ ಸಂತೋಷ ಸಣ್ಣದಲ್ಲ. ಆದರೆ ಫೈನಲ್ ನಡೆದದ್ದು ಬೆಂಗಳೂರಿನಲ್ಲಿ. ನಾಯಕ ಮನೀಶ್ ಪಾಂಡೆ ಹುಟ್ಟಿದ್ದು ನೈನಿತಾಲದಲ್ಲಿ. ಅದರಲ್ಲಿ ತಪ್ಪೇನಿಲ್ಲ, ಇಂಥ ಲೀಗುಗಳ ರೀತಿಯೇ ಅದು. ರಾಜ್ಯ ತಂಡದ ದಾರಿ ಬೇರೆ. ಕರ್ನಾಟಕ ಕ್ರಿಕೆಟ್ ಸಂಸ್ಥೆಯ ಹಂಚಿಕೆಯಲ್ಲಿ ಕಲಬುರಗಿ ಜಿಲ್ಲೆ ರಾಯಚೂರು ವಲಯಕ್ಕೆ ಸೇರುತ್ತದೆ. ಚಂದಾಪುರದ ಹುಡುಗ ಕಲಬುರಗಿಯಲ್ಲಿ ಆಡಿ, ವಲಯದಲ್ಲಿ ಆಯ್ಕೆಯಾಗಿ, ಕೊನೆಗೆ ಬೆಂಗಳೂರಿನ ಆಯ್ಕೆಗಾರರ ಕಣ್ಣಿಗೆ ಬೀಳಬೇಕು. ಹೆಸರು ನಕ್ಷೆಯಿಂದ ಬರುತ್ತದೆ. ಆಟಗಾರ ಬರುವುದು ಮೈದಾನದಿಂದ. ಊರಲ್ಲೊಂದು ಪಿಚ್ಚು, ಕಲಿಸುವವರೊಬ್ಬರು ಇದ್ದರೆ ಪಟ್ಟಿ ಪ್ರಕಟವಾದ ದಿನ ಈ ಸೀಮೆಯವರು ಕೇಳುವ ನಾಲ್ಕನೆಯ ಪ್ರಶ್ನೆಗೂ ಉತ್ತರ ಸಿಕ್ಕೀತು.