ಪ್ರಾಸ: ಷಟ್ಪದಿಯಲ್ಲಿ ಮತ್ತು ವಚನದಲ್ಲಿ

ಪ್ರಾಸವೆಂದೊಡನೆ ಇಂದಿನ ಓದುಗರಿಗೆ ಸಾಲಿನ ಕೊನೆ ನೆನಪಾಗುತ್ತದೆ. ಕನ್ನಡದ ಹಳೆಯ ಪ್ರಾಸವು ಇರುವುದು ಸಾಲಿನ ಮೊದಲಲ್ಲಿ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು; ಅದರ ಮೇಲಿನ ಸ್ವರ ಬದಲಾಗಬಹುದು. ಆದರೆ ಮೊದಲನೆಯ ಅಕ್ಷರ ಹ್ರಸ್ವವಾದರೆ ಎಲ್ಲ ಪಾದಗಳಲ್ಲಿಯೂ ಹ್ರಸ್ವ, ದೀರ್ಘವಾದರೆ ಎಲ್ಲದರಲ್ಲಿಯೂ ದೀರ್ಘ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಗ್ರಾಮದ ಹೆಸರನ್ನೇ ತೆಗೆದುಕೊಳ್ಳೋಣ. ಸಾಸಲು, ಮೀಸಲು, ಆಸರೆ, ದೇಸಿ ಇವು ಪರಸ್ಪರ ಹೊಂದುತ್ತವೆ. ಹಸಿವು, ಬಿಸಿಲು ಎಂಬ ಮಾತುಗಳಲ್ಲಿ ಅದೇ ಸಕಾರವಿದ್ದರೂ ಮೊದಲಕ್ಷರ ಹ್ರಸ್ವವಾದುದರಿಂದ ಇವು ಆ ಸಾಲಿಗೆ ಸೇರವು.

ಲಾಕ್ಷಣಿಕರು ಇದನ್ನು ಆರು ಬಗೆಯಾಗಿ ವಿಂಗಡಿಸಿ ಪ್ರಾಣಿಗಳ ಹೆಸರಿಟ್ಟರು. ಹ್ರಸ್ವಕ್ಕೆ ಸಿಂಹ, ದೀರ್ಘಕ್ಕೆ ಗಜ, ಅನುಸ್ವಾರಕ್ಕೆ ವೃಷಭ, ವಿಸರ್ಗಕ್ಕೆ ಅಜ, ಬೇರೆ ಬೇರೆ ವ್ಯಂಜನಗಳ ಸಂಯುಕ್ತಕ್ಕೆ ಶರಭ, ಒಂದೇ ವ್ಯಂಜನದ ದ್ವಿತ್ವಕ್ಕೆ ಹಯ. ಭಕ್ತಿ, ಶಕ್ತಿ, ಮುಕ್ತಿಗಳದು ಶರಭಪ್ರಾಸ. ಬೆಟ್ಟ, ಹುಟ್ಟುಗಳದು ಹಯಪ್ರಾಸ. ವಿಸರ್ಗವುಳ್ಳ ಪದಗಳೇ ಕನ್ನಡದಲ್ಲಿ ವಿರಳವಾದುದರಿಂದ ಅಜಪ್ರಾಸ ಹೆಚ್ಚಾಗಿ ಲಕ್ಷಣಗ್ರಂಥದಲ್ಲಿಯೇ ಉಳಿದಿದೆ.

ಈ ಪದ್ಧತಿ ಬಹು ಪ್ರಾಚೀನ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳಲ್ಲಿ ಅದು ಆಗಲೇ ಕಾಣುತ್ತದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಪ್ರಾಸವನ್ನು ಚರ್ಚಿಸುತ್ತದೆ. ರಾಘವಾಂಕನು ನೆಲೆಗೊಳಿಸಿದ ಷಟ್ಪದಿಯಲ್ಲಿ ಆರೂ ಪಾದಗಳಿಗೆ ಒಂದೇ ಪ್ರಾಸಾಕ್ಷರ ಬೇಕು. ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆಗಳು ಭಾಮಿನಿ ಷಟ್ಪದಿಯಲ್ಲಿ ನೂರಾರು ಪದ್ಯಗಳುದ್ದಕ್ಕೂ ಈ ನಿಯಮವನ್ನು ನಡೆಸಿವೆ.

ಕವಿಗೆ ಹೊರೆಯಾದ ಈ ನಿಯಮ ಗ್ರಂಥಸಂಪಾದಕನಿಗೆ ಕಾವಲುಗಾರ. ಓಲೆಗರಿಯ ಲಿಪಿಕಾರನು ಪಾದದ ಮೊದಲಲ್ಲಿ ತಪ್ಪಿದರೆ ಉಳಿದ ಐದು ಪಾದಗಳು ಅದನ್ನು ಹಿಡಿದುಕೊಡುತ್ತವೆ. ಬಳಕೆಯಿಂದ ಮರೆಯಾದ ಱ, ೞ ಅಕ್ಷರಗಳು ಯಾವ ಪದಗಳಲ್ಲಿದ್ದವೆಂಬುದಕ್ಕೂ ಹಳೆಯ ಪದ್ಯಗಳ ಪ್ರಾಸವೇ ಒಂದು ಸಾಕ್ಷಿ.

ವಚನಕ್ಕೆ ಈ ಕಾವಲಿಲ್ಲ. ಶರಣರು ಛಂದಸ್ಸಿನ ಕಟ್ಟನ್ನು ಬಿಟ್ಟರು; ನಾದವನ್ನು ಬಿಡಲಿಲ್ಲ. ಒಂದೇ ಬಗೆಯ ವಾಕ್ಯರಚನೆ ಮರಳಿ ಬರುವುದು, ಒಂದೇ ಕ್ರಿಯಾಪದ ವಾಕ್ಯದ ಕೊನೆಗೆ ನಿಲ್ಲುವುದು, ಕಡೆಯಲ್ಲಿ ಅಂಕಿತ ಬಂದು ಉಸಿರು ತಂಗುವುದು, ಇವು ಅದರ ನಾದದ ನೆಲೆಗಳು. ಬಸವಣ್ಣನವರ ಏಳು ನಿಷೇಧಗಳ ವಚನದಲ್ಲಿ 'ಬೇಡ' ಎಂಬ ಪದವೇ ತಾಳ. ಅದರ ಮೊದಲೆರಡು ಮಾತುಗಳು ಕಿವಿಗೆ ಪ್ರಾಸದಂತೆ ಕೇಳಿದರೂ, ಕಳವಿನ ಮಾತಿನಲ್ಲಿರುವುದು ಳಕಾರ, ಕೊಲೆಯ ಮಾತಿನಲ್ಲಿರುವುದು ಲಕಾರ. ಸಾಮೂಹಿಕ ಪಠಣದಲ್ಲಿ ಮಕ್ಕಳು ಎರಡನ್ನೂ ಒಂದೇ ಆಗಿ ಉಚ್ಚರಿಸುವುದುಂಟು. ರಾಗ ಕಲಿಸುವುದಕ್ಕೆ ಮೊದಲು ಈ ಭೇದವನ್ನು ಕಲಿಸುವುದು ಲೇಸು. ಷಟ್ಪದಿಯಲ್ಲಾದರೆ ತಪ್ಪನ್ನು ಪ್ರಾಸವೇ ತೋರಿಸೀತು. ಇಲ್ಲಿ ಹೇಳಿಕೊಡುವವರ ಕಿವಿಯೊಂದೇ ಆಸರೆ.

ಪದ್ಯದಲ್ಲಿಯೂ ಆದಿಪ್ರಾಸದ ಕಡ್ಡಾಯ ಮುಂದೆ ಸಡಿಲಿತು. 1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಅದನ್ನು ತ್ಯಜಿಸಿದಾಗ ಪಂಡಿತರಿಂದ ಆಕ್ಷೇಪ ಬಂದಿತು. ವಚನಗಳು ಎಂಟು ಶತಮಾನಗಳಷ್ಟು ಹಿಂದೆಯೇ ಆ ಕಟ್ಟಿಲ್ಲದೆ ಜನರ ನಾಲಗೆಯಲ್ಲಿ ನಿಂತಿದ್ದವು.