ಒರೆಸದೆ ಉಳಿದ ಅಕ್ಷರ

ಶೃಂಗೇರಿ ಸೀಮೆಯ ನನ್ನ ತವರಿನ ಅಟ್ಟದಲ್ಲಿ, ಅಡಿಕೆ ಚೀಲಗಳ ಹಿಂದೆ, ಒಂದು ಹಳೆಯ ಕಡತವಿತ್ತು. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿದ ಕಪ್ಪು ಪುಸ್ತಕ ಅದು. ಬರೆಯುವುದು ಬಳಪದಲ್ಲಿ, ಬೇಡವೆನಿಸಿದರೆ ಒರೆಸಿ ಮತ್ತೆ ಬರೆಯಬಹುದು. ನಾವು ಮಕ್ಕಳು ಅದನ್ನು ಮುಟ್ಟಿದರೆ ಅಪ್ಪಯ್ಯ ಗದರುತ್ತಿದ್ದರು: “ಮುತ್ತಜ್ಜನ ಲೆಕ್ಕ ಅಳಿಸಿ ಹೋದೀತು, ಮಾರಾಯ್ತಿ!”

ಒರೆಸಬಹುದಾದದ್ದನ್ನು ಒರೆಸದೆ ಇಟ್ಟುಕೊಳ್ಳುವುದು ಎಷ್ಟು ದೊಡ್ಡದೆಂದು ಮಠದ ಚರಿತ್ರೆ ಓದಿದಾಗ ತಿಳಿಯಿತು. 1346ರಲ್ಲಿ ವಿಜಯನಗರದ ಹರಿಹರನೂ ಅವನ ತಮ್ಮಂದಿರೂ ಭಾರತೀತೀರ್ಥರಿಗೆ ಭೂದಾನ ಮಾಡಿದ್ದು ಕಲ್ಲಿನ ಮೇಲಿದೆ. ಕಲ್ಲು ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಆದರೆ ಮಠದ ಕಡತ, ಕಾಗದಪತ್ರಗಳು ನಮ್ಮ ಮಲೆನಾಡಿನ ಮಳೆ, ಗೆದ್ದಲುಗಳ ನಡುವೆ ಉಳಿದದ್ದು ಯಾರೋ ಜೋಪಾನ ಮಾಡಿದ್ದರಿಂದ.

1916ರಲ್ಲಿ ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಅಲ್ಲಿ ಟಿಪ್ಪು ಸುಲ್ತಾನನ ಸುಮಾರು 30 ಪತ್ರಗಳು ದೊರೆತವು, ಎಲ್ಲವೂ ಕನ್ನಡದವು. 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ, ಮರಾಠರ ದಂಡಿನವರು ಮಠವನ್ನು ಕೊಳ್ಳೆಹೊಡೆದಿದ್ದರು. ಶಾರದೆಯ ಮೂರ್ತಿಯೂ ಸ್ಥಳ ತಪ್ಪಿತ್ತು. ಸ್ವಾಮಿಗಳು ಕಾರ್ಕಳಕ್ಕೆ ಹೋಗಿ ನೆಲೆಸಬೇಕಾಯಿತು. ಅವರು ಬರೆದದ್ದಕ್ಕೆ ಟಿಪ್ಪು ದುಃಖಪಟ್ಟು ಉತ್ತರಿಸಿದ. ದೇವಿಯ ಪುನಃಪ್ರತಿಷ್ಠೆಗೆ ನೆರವು ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ತನ್ನ ಜಯಕ್ಕಾಗಿ ಪ್ರಾರ್ಥಿಸಿರೆಂದೂ ಕೇಳಿಕೊಂಡ. ಅದೇ ಟಿಪ್ಪುವಿನ ಬಗ್ಗೆ ಕೊಡಗಿನಲ್ಲಿ ಬೇರೆಯೇ ನೆನಪಿದೆ, ಅದೂ ಸುಳ್ಳಲ್ಲ.

ಈ ಪತ್ರಗಳು ಇರದಿದ್ದರೆ? ಇಲ್ಲಿ ಸುಲಿದವರು ಯಾರು, ಕೈ ಹಿಡಿದವರು ಯಾರು ಎಂಬ ಕಥೆಯನ್ನು ನಾವು ನಮಗೆ ಹಿತವಾಗುವಂತೆ ಕಟ್ಟಿಕೊಳ್ಳುತ್ತಿದ್ದೆವು. ನೆನಪಿನ ಸ್ವಭಾವವೇ ಅದು.

ನನ್ನದೂ ಅದೇ ಸ್ವಭಾವ. ಅಪ್ಪಯ್ಯನಿಗೆ ಕಾಯಿಲೆ ಜೋರಾದಾಗ, “ಟೆಲಿಗ್ರಾಂ ಸಿಕ್ಕ ರಾತ್ರಿಯೇ ಬಸ್ಸು ಹತ್ತಿದೆ” ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ! ಹೇಳಿ ಹೇಳಿ ಆ ರಾತ್ರಿಯ ಚಳಿಯೂ ನೆನಪಾಗುವಂತಾಗಿತ್ತು. ಮೊನ್ನೆ ಟ್ರಂಕು ತೆಗೆದಾಗ 1983ರ ನನ್ನ ದಿನಚರಿ ಸಿಕ್ಕಿತು. ನನ್ನದೇ ಅಕ್ಷರ.

“ಮಂಗಳವಾರ. ಊರಿಂದ ಟೆಲಿಗ್ರಾಂ.
ಬುಧವಾರ. ಪಕ್ಕದ ಮನೆ ನಾಮಕರಣ. ಹೋಳಿಗೆ 60 ಮಾಡಿಕೊಟ್ಟೆ.
ಗುರುವಾರ. ಮಕ್ಕಳ ಯೂನಿಫಾರಂ ಒಗೆದದ್ದು.
ಶುಕ್ರವಾರ. ಹೊರಟೆ.”

ನಾನು ಹೋಗುವಷ್ಟರಲ್ಲಿ ಅಪ್ಪಯ್ಯನ ಮಾತು ನಿಂತಿತ್ತು. “ನಿನ್ನೆ ಮಧ್ಯಾಹ್ನದವರೆಗೂ ನಿನ್ನ ಕೇಳ್ತಿದ್ರು” ಎಂದಿದ್ದರು ಅತ್ತಿಗೆ. ಆ ಮಾತು ಮಾತ್ರ ನೆನಪಿತ್ತು. ನಿನ್ನೆ ನಾನೆಲ್ಲಿದ್ದೆ ಎಂಬುದನ್ನು ಒರೆಸಿಬಿಟ್ಟಿದ್ದೆ.

ಪುಟ ಹರಿಯಲು ಕೈ ಹೋದದ್ದು ನಿಜ. ಅಟ್ಟದ ಕಡತ ನೆನಪಾಗಿ ಹಿಂತೆಗೆದೆ. ಹೋಳಿಗೆಯ ಲೆಕ್ಕ ಬರೆದಿದ್ದವಳು, ಏಕೆ ಹೊರಡಲಿಲ್ಲ ಎಂಬುದನ್ನು ಬರೆದಿರಲಿಲ್ಲ. ಬೇಡವೆಂದು ಯಾರೂ ತಡೆದಿರಲಿಲ್ಲ. ಬಹುಶಃ ಹೆದರಿಕೆ. ಅಪ್ಪಯ್ಯ ಮಲಗಿದ್ದನ್ನು ನೋಡುವ ಹೆದರಿಕೆ. ಇಷ್ಟು ವರ್ಷದ ಮೇಲೆ ಅದೇ ಪುಟದ ಕೆಳಗೆ ಅದನ್ನೂ ಬರೆದು, ಇಂದಿನ ತಾರೀಕು ಹಾಕಿದೆ.

ಸಂಜೆ ಮಗಳಿಗೆ ಪುಟ ತೋರಿಸಿದೆ. ಅವಳು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮಾ, ಮುಂದಿನ ಪುಟ?” ಎಂದಳು.