ಹೈಡಾ ಜನರ ಮರಗೆಲಸ

ಕೆನಡಾ ದೇಶದ ಪಶ್ಚಿಮ ಕರಾವಳಿಯಾಚೆ, ಅಲಾಸ್ಕದ ಗಡಿಗೆ ಸಮೀಪವಾಗಿ, ನೂರೈವತ್ತಕ್ಕೂ ಹೆಚ್ಚು ದ್ವೀಪಗಳ ಸಮೂಹವೊಂದಿದೆ. ೧೭೮೭ರಲ್ಲಿ ಅಲ್ಲಿಗೆ ಬಂದ ಡಿಕ್ಸನ್ ಎಂಬ ಆಂಗ್ಲ ನಾವಿಕನು ತನ್ನ ಹಡಗಿನ ಹೆಸರನ್ನೇ ಅವಕ್ಕಿಟ್ಟು ‘ಕ್ವೀನ್ ಷಾರ್ಲೆಟ್ ದ್ವೀಪಗಳು’ ಎಂದು ಕರೆದನು. ಆ ಹೆಸರು ಭೂಪಟದಿಂದ ಅಳಿದು, ‘ಹೈಡಾ ಗ್ವಾಯ್’ ಎಂಬ ನಾಡಿನವರ ಹೆಸರೇ ಅಧಿಕೃತವಾಗಿ ನಿಂತದ್ದು ೨೦೧೦ರಲ್ಲಿ. ಹೈಡಾ ಜನರ ದ್ವೀಪಗಳು ಎಂದೇ ಅದರ ಅರ್ಥ.

ಸದಾ ಮಳೆ ಸುರಿಯುವ ಆ ನೆಲದಲ್ಲಿ ಕೆಂಪು ಸೀಡರ್ ಮರ ಮುಗಿಲೆತ್ತರಕ್ಕೆ ಬೆಳೆಯುತ್ತದೆ. ಹಗುರವಾದ ಮರ; ನೇರವಾಗಿ ಸೀಳುತ್ತದೆ; ಬೇಗ ಕೊಳೆಯುವುದಿಲ್ಲ. ಹೈಡಾ ಜನರ ಮನೆ, ದೋಣಿ, ಕಂಬ, ಪೆಟ್ಟಿಗೆ ಎಲ್ಲವೂ ಆ ಮರದಿಂದಲೇ. ತೊಗಟೆಯನ್ನು ನಾರುಬಿಡಿಸಿ ಚಾಪೆ, ಬುಟ್ಟಿಗಳನ್ನೂ ಹೆಣೆಯುತ್ತಿದ್ದರು.

ಈ ಜನರಲ್ಲಿ ಕಾಗೆ, ಹದ್ದು ಎಂಬ ಎರಡು ಪಂಗಡಗಳಿವೆ. ಮಕ್ಕಳು ತಾಯಿಯ ಪಂಗಡಕ್ಕೆ ಸೇರುತ್ತಾರೆ. ಮದುವೆ ಇನ್ನೊಂದು ಪಂಗಡದೊಡನೆ ಆಗಬೇಕು. ಪಂಗಡದೊಳಗಿನ ಒಂದೊಂದು ಮನೆತನಕ್ಕೂ ತನ್ನವೇ ಆದ ಲಾಂಛನಗಳುಂಟು: ಕರಡಿ, ತಿಮಿಂಗಿಲ, ಕಪ್ಪೆ ಮೊದಲಾದವು. ಮನೆಯ ಮುಂದಿನ ಕಂಬದಲ್ಲಿ ಒಂದರ ಮೇಲೊಂದಾಗಿ ಕೆತ್ತಿರುವ ಈ ರೂಪಗಳನ್ನು ಕಂಡು ಹಿಂದಿನ ಪಾದ್ರಿಗಳು ವಿಗ್ರಹಗಳೆಂದು ಭ್ರಮಿಸಿದರು. ಅವು ಪೂಜೆಯ ವಿಗ್ರಹಗಳಲ್ಲ. ಈ ಮನೆ ಯಾರದು, ಇವರ ಹಿರಿಯರಾರು, ಇವರ ಹಕ್ಕೇನು ಎಂಬುದನ್ನು ಸಾರುವ ಮರದ ಶಾಸನಗಳು. ಕಂಬ ನಿಲ್ಲಿಸುವ ದಿನ ದೊಡ್ಡ ಔತಣ ನಡೆಯುತ್ತಿತ್ತು. ಬಂದವರೆಲ್ಲ ಸಾಕ್ಷಿಗಳು; ಸಾಕ್ಷಿಯಾದುದಕ್ಕೆ ಅವರಿಗೆ ಉಡುಗೊರೆ ಸಲ್ಲುತ್ತಿತ್ತು.

ಕಂಬದ ಎತ್ತರ ಕಣ್ಣನ್ನು ಸೆಳೆಯುವುದೇನೋ ನಿಜ. ಆದರೆ ಇವರ ಕೈಚಳಕವನ್ನು ತಿಳಿಯಬೇಕಾದರೆ ಪೆಟ್ಟಿಗೆಯನ್ನು ನೋಡಬೇಕು. ಅದರ ನಾಲ್ಕು ಪಕ್ಕಗಳೂ ಒಂದೇ ಹಲಗೆಯವು. ಹಲಗೆಯ ಮೂರು ಕಡೆ ಅಡ್ಡಲಾಗಿ ಗಾಡಿ ತೆಗೆದು, ಹಬೆಯಲ್ಲಿ ಮೆತ್ತಗಾಗಿಸಿ, ಆ ಮೂರು ಮೂಲೆಗಳಲ್ಲಿ ಬಾಗಿಸುತ್ತಾರೆ. ನಾಲ್ಕನೆಯ ಮೂಲೆಯಲ್ಲಿ ಎರಡು ತುದಿಗಳೂ ಸೇರುತ್ತವೆ. ಅಲ್ಲಿ ಮರದ ಗೂಟ ಹೊಡೆದೋ ದಾರದಿಂದ ಹೊಲಿದೋ ಬಿಗಿಯುತ್ತಾರೆ. ಬಳಿಕ ತಳ, ಮುಚ್ಚಳ. ಒಳ್ಳೆಯ ಪೆಟ್ಟಿಗೆಯಲ್ಲಿ ನೀರು ತುಂಬಿದರೂ ಸೋರದು. ಅದರಲ್ಲಿ ನೀರು ಹಾಕಿ, ಕಾದ ಕಲ್ಲುಗಳನ್ನು ಬಿಟ್ಟು ಅಡಿಗೆ ಮಾಡುತ್ತಿದ್ದುದೂ ಉಂಟು. ಹೊರಮೈಯಲ್ಲಿ ಕಪ್ಪು ಗೆರೆ ಉಬ್ಬುತ್ತ ತೆಳುವಾಗುತ್ತ ಎಲ್ಲಿಯೂ ಕಡಿಯದೆ ಹರಿದು, ಒಂದು ಪ್ರಾಣಿಯ ಕಣ್ಣು, ರೆಕ್ಕೆ, ಉಗುರುಗಳನ್ನು ಬಿಡಿಸುತ್ತದೆ; ಒಳಗಿನ ಎಡೆಗಳಿಗೆ ಕೆಂಪು.

ಇಂಥ ಕಲೆ ಅಳಿವಿನಂಚಿಗೆ ಬಂದದ್ದೇಕೆ? ೧೮೬೨ರಲ್ಲಿ ವಿಕ್ಟೋರಿಯಾ ನಗರದಲ್ಲಿ ಸಿಡುಬು ಕಾಣಿಸಿಕೊಂಡಿತು. ಅಲ್ಲಿ ಬೀಡುಬಿಟ್ಟಿದ್ದ ಉತ್ತರದ ಜನರನ್ನು ಅಧಿಕಾರಿಗಳು ಹೊರಗಟ್ಟಿದರು; ರೋಗವು ಅವರ ದೋಣಿಗಳಲ್ಲಿಯೇ ಊರು ಸೇರಿತು. ಸಾವಿರಾರು ಮಂದಿಯಿದ್ದ ಹೈಡಾ ಜನಾಂಗ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆರುನೂರರ ಆಸುಪಾಸಿಗೆ ಇಳಿಯಿತು. ಉಳಿದವರು ಮ್ಯಾಸೆಟ್, ಸ್ಕಿಡಗೇಟ್ ಎಂಬೆರಡು ಊರುಗಳಲ್ಲಿ ಬಂದು ನೆಲೆಸಿದರು. ಮೇಲಾಗಿ ೧೮೮೫ರಿಂದ ೧೯೫೧ರವರೆಗೆ ಆ ಔತಣವನ್ನೇ ಕೆನಡಾದ ಕಾನೂನು ಅಪರಾಧವೆಂದು ನಿಷೇಧಿಸಿತ್ತು. ಸಾಕ್ಷಿಗಳನ್ನು ಕರೆಯುವಂತಿಲ್ಲವಾದ ಮೇಲೆ ಕಂಬ ನಿಲ್ಲಿಸುವವರಾರು?

ಸಂಗ್ರಾಹಕರು ಹಿಂಡಾಗಿ ಬಂದದ್ದು ಇದೇ ಕಾಲದಲ್ಲಿ. ೧೮೮೩ರಲ್ಲಿ ಜೇಮ್ಸ್ ಸ್ವಾನ್ ಎಂಬಾತ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗಾಗಿ ಸಾಮಾನು ಕೊಂಡನು. ಮ್ಯಾಸೆಟ್ಟಿನ ‘ನಕ್ಷತ್ರದ ಮನೆ’ಯ ಮುಂದಿದ್ದ, ಹನ್ನೊಂದು ಮೀಟರಿಗೂ ಎತ್ತರವಾದ ಕಂಬ ೧೯೦೧ರಲ್ಲಿ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯವನ್ನು ಸೇರಿತು. ಕೆಲವನ್ನು ಹಣ ಕೊಟ್ಟೇ ಕೊಂಡರೆಂಬುದು ದಿಟ. ಆದರೆ ಹೆತ್ತವರನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡು ಕುಳಿತವನೊಡನೆ ನಡೆಯುವ ವ್ಯಾಪಾರ ಸಮಸಮನ ವ್ಯಾಪಾರವೇ? ಸತ್ತವರ ಎಲುಬುಗಳನ್ನು ಸಮಾಧಿಗಳಿಂದ ಹೊತ್ತೊಯ್ದುದಕ್ಕಂತೂ ಯಾರ ಒಪ್ಪಿಗೆಯೂ ಇರಲಿಲ್ಲ.

ಹಾಗೆಂದು ವಸ್ತುಸಂಗ್ರಹಾಲಯಗಳನ್ನು ಬರಿದೇ ಹಳಿದು ಸುಮ್ಮನಾಗುವಂತೆಯೂ ಇಲ್ಲ. ಚಾರ್ಲ್ಸ್ ಎಡೆನ್‌ಶಾ ೧೯೨೦ರಲ್ಲಿ ತೀರಿಕೊಂಡಾಗ, ಮರ, ಬೆಳ್ಳಿ, ಆರ್ಜಿಲೈಟ್ ಎಂಬ ಕರಿಗಲ್ಲು ಮೂರರಲ್ಲಿಯೂ ಸಿದ್ಧಹಸ್ತನಾಗಿದ್ದ ಆ ಶಿಲ್ಪಿಯ ಕೃತಿಗಳಲ್ಲಿ ಬಹುಪಾಲು ಪರಊರುಗಳ ಕಪಾಟುಗಳಲ್ಲಿದ್ದವು. ಹೈಡಾ ತಾಯಿಯ ಮಗನಾದ ಬಿಲ್ ರೀಡ್ ರೇಡಿಯೋ ವಾರ್ತೆ ಓದುತ್ತ ಟೊರಾಂಟೋದಲ್ಲಿದ್ದಾಗ, ಅಲ್ಲಿನ ವಸ್ತುಸಂಗ್ರಹಾಲಯದ ಹೈಡಾ ಕಂಬವೇ ಅವನಿಗೆ ಪಾಠವಾಯಿತು. ೧೯೫೭ರಲ್ಲಿ ಸ್ಗಾಂಗ್ ಗ್ವಾಯ್ ಎಂಬ ಪಾಳು ಹಳ್ಳಿಯಿಂದ ಕಂಬಗಳನ್ನು ಉಳಿಸಿ ತಂದ ತಂಡದಲ್ಲಿ ಅವನೂ ಇದ್ದನು. ಅಲ್ಲಿಯೇ ಉಳಿದ ಕಂಬಗಳು ಈಗಲೂ ಪಾಚಿಗಟ್ಟಿ, ಓಲಿ ನಿಂತಿವೆ. ೧೯೮೧ರಲ್ಲಿ ಆ ಹಳ್ಳಿ ವಿಶ್ವ ಪರಂಪರೆಯ ತಾಣವಾಯಿತು. ೧೯೬೯ರಲ್ಲಿ ಎಡೆನ್‌ಶಾನ ಮರಿಮಗ, ಇಪ್ಪತ್ತೆರಡರ ತರುಣ ರಾಬರ್ಟ್ ಡೇವಿಡ್‌ಸನ್, ಮ್ಯಾಸೆಟ್ಟಿನಲ್ಲಿ ಒಂದು ಹೊಸ ಕಂಬ ನಿಲ್ಲಿಸಿದನು. ಸುಮಾರು ತೊಂಬತ್ತು ವರ್ಷಗಳಲ್ಲಿ ಆ ಊರು ಕಂಡ ಮೊದಲ ಕಂಬ ಅದು. ಮರೆತೆವೆಂದುಕೊಂಡಿದ್ದ ಹಾಡುಗಳನ್ನು ಮುದುಕರು ಅಂದು ನೆನಪಿಗೆ ತಂದುಕೊಂಡರು.

ಮುಂದೆ ಹೈಡಾ ಜನರು ಮೊದಲು ಕೇಳಿದ್ದು ಕಂಬಗಳನ್ನಲ್ಲ, ಹಿರಿಯರ ಎಲುಬುಗಳನ್ನು. ಷಿಕಾಗೋ, ನ್ಯೂಯಾರ್ಕ್ ಮೊದಲಾದೆಡೆಗಳಿಂದ ನಾಲ್ಕುನೂರಕ್ಕೂ ಮಿಕ್ಕಿದ ಹಿರಿಯರ ಅವಶೇಷಗಳನ್ನು ತಂದರು. ಒಬ್ಬೊಬ್ಬರಿಗೂ ಹೊಸದಾಗಿ ಪೆಟ್ಟಿಗೆ ಮಾಡಿ, ಬಣ್ಣ ಬರೆದು, ಮಣ್ಣುಮಾಡಿದರು. ಹಿರಿಯರಿಗಾಗಿ ಪೆಟ್ಟಿಗೆ ಮಾಡುತ್ತ ಕಿರಿಯರೂ ಆ ಕೆಲಸಕ್ಕೆ ಕೈಹಚ್ಚಿದರು.

ಪಿಟ್ ರಿವರ್ಸ್ ಸಂಗ್ರಹದಲ್ಲಿ ೧೮೮೪ರಿಂದಲೂ ಹೈಡಾ ಜನರ ಒಂದು ದೊಡ್ಡ ಪೆಟ್ಟಿಗೆಯಿದೆ. ೨೦೦೯ರಲ್ಲಿ ಆಕ್ಸ್‌ಫರ್ಡಿಗೆ ಹೋದ ಹೈಡಾ ನಿಯೋಗ ಅಲ್ಲಿನ ವಸ್ತುಗಳನ್ನು ಗಾಜಿನ ಹೊರಗಿನಿಂದಲ್ಲ, ಕೈಯಿಂದ ಮುಟ್ಟಿ ನೋಡಿತು. ೨೦೧೪ರಲ್ಲಿ ಗ್ವಾಯ್ ಮತ್ತು ಜಾಲೆನ್ ಎಡೆನ್‌ಶಾ ಎಂಬ ಸೋದರರು ಆ ಪೆಟ್ಟಿಗೆಯ ಪಕ್ಕದಲ್ಲಿಯೇ ಕುಳಿತು, ಗೆರೆಗೆ ಗೆರೆ ಸೇರುವಂತೆ ಅದರ ಜೊತೆಯೊಂದನ್ನು ಕೆತ್ತಿದರು. ಹೊಸ ಪೆಟ್ಟಿಗೆ ಹೈಡಾ ಗ್ವಾಯ್‌ಗೆ ಬಂದಿತು. ಹಳೆಯದು ಆಕ್ಸ್‌ಫರ್ಡಿನಲ್ಲೇ ಉಳಿಯಿತು.

ಇದು ನ್ಯಾಯವೆಂದು ಹೇಳಿ ಕಡತ ಮುಚ್ಚುವಂತಿಲ್ಲ. ಮೂಲವೇ ಮರಳಬೇಕೆಂಬ ಮಾತಿನಲ್ಲಿ ಹುರುಳಿದೆ. ಆದರೆ ಮೂಲ ಪೆಟ್ಟಿಗೆಯನ್ನು ಮಾಡಿದವನ ಕೈ ಯಾವ ಕ್ರಮದಲ್ಲಿ ನಡೆಯಿತು, ಉಳಿಯನ್ನು ಎಲ್ಲಿ ತಿರುಗಿಸಿತು, ಎಲ್ಲಿ ತಡೆಯಿತು ಎಂಬ ಅರಿವು ಇಬ್ಬರು ಹೈಡಾ ತರುಣರ ಕೈಗಳಲ್ಲಿ ಮನೆಗೆ ಬಂದಿದೆ. ವಸ್ತುಸಂಗ್ರಹಾಲಯವು ಮರವನ್ನು ಹುಳು ತಿನ್ನದಂತೆ ಕಾಯಬಲ್ಲುದು. ಕಸುಬನ್ನು ಕಾಯಬಲ್ಲವರು ಕಸುಬಿನವರು ಮಾತ್ರ. ಅವರಿಗೆ ಬಾಗಿಲು ತೆರೆಯುವುದು ಉಪಕಾರವಲ್ಲ, ಹಳೆಯ ಸಾಲದ ಮೊದಲ ಕಂತು.